ಮುಂದೆ ನಡೆಯುವವನು

ಅವರ ಮುಖ ನನಗೆ ಸರಿಯಾಗಿ ಗೊತ್ತಿಲ್ಲ.
ಹನ್ನೊಂದು ವರ್ಷ ಅಠಾರ ಕಚೇರಿಯ ಕಾರಿಡಾರಿನಲ್ಲಿ
ಕೈಯೆತ್ತಿ, ಶ್... ಶ್... ಅನ್ನುತ್ತ ದಾರಿ ಬಿಡಿಸಿದ ದಫೇದಾರ ನಾನು,
ಚೌರಪ್ಪ. ಬಿಳಿ ಕೋಟು, ಜರಿ ಪೇಟ, ಕೆಂಪು ಪಟ್ಟಿ.
ನನಗೆ ಗೊತ್ತಿರುವುದು ಬೆನ್ನ ಹಿಂದಿನ ಚಪ್ಪಲಿಯ ಸದ್ದು.

ಜಸ್ಟಿಸ್ ಪುಟ್ಟಸಿದ್ದಮ್ಮ.
ಬಿನ್ನಿ ಮಿಲ್ಲಿನ ಬಾಬಿನ್ ಖಾತೆಯವನ ಮಗಳಂತೆ,
ಸೈರನ್ನು ಕೂಗಿದರೆ ಎದ್ದು ಓದುತ್ತಿದ್ದರಂತೆ.
ಈಗ ಮಿಲ್ಲಿಲ್ಲ; ಅವರು ಮಾತ್ರ
ಗಂಟೆಗೆ ಐದು ನಿಮಿಷ ಮೊದಲೇ ಬಾಗಿಲಲ್ಲಿ.
ಹರಪನಹಳ್ಳಿಯಲ್ಲಿ ಮುನ್ಸೀಫ್, ಆಮೇಲೆ ಬೀದರ, ಆಮೇಲೆ
ಎಲ್ಲೆಲ್ಲೋ; ವರ್ಗದ ಲಾರಿಯಲ್ಲಿ ಎರಡೇ ಟ್ರಂಕು
ಮತ್ತೊಂದು ಹೊಲಿಗೆ ಮಿಷಿನ್ನು.
ಗಂಡಸರ ಅಳತೆಗೆ ಬಂದ ಕರಿ ಗೌನಿನ ತೋಳನ್ನು
ತಾವೇ ಕೂತು ಗಿಡ್ಡ ಮಾಡಿಕೊಂಡವರು.
ವಕೀಲರು ಕೊನೆಯವರೆಗೂ ‘ಮೈ ಲಾರ್ಡ್’ ಅಂತಲೇ ಕರೆದರು.
ತಿದ್ದಲಿಲ್ಲ. ‘ಎಷ್ಟಂತ ಹೊಲೀಲಿ’ ಅಂದರಂತೆ ಸ್ಟೆನೋ ಹತ್ತಿರ.

ಜಾಮೀನಿನ ದಿನ ಸದ್ದು ಚುರುಕು.
ಅಣ್ಣತಮ್ಮಂದಿರ ಪಾಲಿನ ಅಪೀಲಿದ್ದರೆ ಸ್ವಲ್ಪ ಎಳೆತ.
ಒಂದು ಸಲ, ಗಲ್ಲು ಖಾಯಂ ಮಾಡಿದ ಮಧ್ಯಾಹ್ನ,
ಜೊತೆಯ ಜಡ್ಜರು ಆಗಲೇ ಚೇಂಬರು ಸೇರಿದ್ದರು,
ಸದ್ದೇ ನಿಂತುಹೋಯಿತು.
ಹದಿನೈದು ಮಾರು ಮುಂದೆ ಹೋಗಿಬಿಟ್ಟಿದ್ದೆ,
ಖಾಲಿ ಕಾರಿಡಾರಿಗೆ ಶ್ ಅನ್ನುತ್ತ.
ತಿರುಗುವ ಹಾಗಿಲ್ಲ. ತಿರುಗಿದೆ.
ಕಂಬಕ್ಕೆ ಕೈಕೊಟ್ಟು ಕಬ್ಬನ್ ಪಾರ್ಕಿನ ಕಡೆ ನಿಂತಿದ್ದರು.
‘ಚೌರಪ್ಪನವರೇ, ಊಟ ಆಯ್ತಾ?’
ಹನ್ನೊಂದು ವರ್ಷದಲ್ಲಿ ಅದೊಂದೇ ಸಲ.
ಆಗಿರಲಿಲ್ಲ. ಆಯ್ತು ತಾಯಿ, ಅಂದೆ.
ಆ ಕಟ್ಟಡದಲ್ಲಿ ನಾನು ಹೇಳಿದ ಸುಳ್ಳು ಅದು;
ಪ್ರಮಾಣ ಮಾಡಿಸಿರಲಿಲ್ಲ ಯಾರೂ.

ಅರವತ್ತೆರಡು ತುಂಬಿತು. ಹಾರ, ಗುಂಪು ಫೋಟೋ, ಗೋಡಂಬಿ.
ಸರ್ಕಾರದ ಕಾರು ಅವರನ್ನು ಇಳಿಸಿ ವಾಪಸು ಬಂತು.

ಮೊನ್ನೆ ಕೆ.ಆರ್. ಸರ್ಕಲ್ಲಿನಲ್ಲಿ ಸಿಕ್ಕರು,
ಕೈಯಲ್ಲಿ ಬಟ್ಟೆ ಚೀಲ, ದಾಟಲಾಗದೆ ನಿಂತು.
ಏನೂ ಯೋಚಿಸಲಿಲ್ಲ ನಾನು,
ಮುಂದಾದೆ, ಕೈಯೆತ್ತಿದೆ, ಶ್ ಎಂದೆ.
ಆಟೋ ನಿಲ್ಲುತ್ತದೆಯೇ? ಒಬ್ಬ ಬೈದೇ ಹೋದ.
ಹಿಂದಿನಿಂದ ನಗು ಕೇಳಿತು,
ಆಮೇಲೆ ಚಪ್ಪಲಿಯ ಸದ್ದು
ನನ್ನ ಪಕ್ಕಕ್ಕೆ ಬಂತು, ದಾಟಿತು,
‘ಬನ್ನಿ’ ಎಂದು ಟ್ರಾಫಿಕ್ಕಿನೊಳಗೆ ಇಳಿದರು.

ಅವರ ಬೆನ್ನು ನೋಡಿದ್ದು ಅವತ್ತೇ ಮೊದಲು.
ಅಷ್ಟು ಸಣ್ಣದಿತ್ತು.