ಅಗುಳಿ

ಗೋಣಿತಾಟಿನಲ್ಲಿ ಸುತ್ತಿ ತಂದಿದ್ದಳು ಕಾಸಿಂಬಿ
ಮಂಡಕ್ಕಿ ಭಟ್ಟಿಯ ಬಾಗಿಲ ಅಗುಳಿ.
"ಹಲ್ಲಿನ ಮೇಷ್ಟ್ರೇ, ಇದಕ್ಕೂ ಒಂಚೂರು
ಹಲ್ಲುಜ್ಜಿ ಕೊಡ್ರಿ" ಅಂದಳು.
ನಲವತ್ತು ವರ್ಷ ಮಸಿ ಕುಡಿದ ಕತ್ತಿ.
ಬಿಚ್ಚಿದರೆ ಮೇಜಿನ ಮೇಲೆ ಉದುರಿದ್ದು
ತುಕ್ಕು, ಭತ್ತದ ಹೊಟ್ಟು, ಒಂದು ಸತ್ತ ಜಿರಲೆ.

ನಾನು ಕತ್ತಿಯವನಲ್ಲ.
ಡೆಂಟಲ್ ಕಾಲೇಜಿನ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ
ಮೇಣದಲ್ಲಿ ಒಸಡು ತಿದ್ದಿದವನು,
ಎಂದೂ ಕಾಣದ ಬಾಯಿಗಳಿಗೆ ಹಲ್ಲು ಕಟ್ಟಿದವನು.
ನಿವೃತ್ತನಾದ ದಿನ ನನ್ನ ಜೊತೆ ಮನೆಗೆ ಬಂದದ್ದು
ಒಂದು ಶಾಲು, ಒಂದು ಹಣ್ಣಿನ ಬುಟ್ಟಿ,
ಮತ್ತು ಯಾರೂ ಲೆಕ್ಕ ಕೇಳದ
ಹನ್ನೆರಡು ಕೊಕ್ಕೆಮೂತಿಯ ಸೂಜಿ.

ಮೊದಲ ವಾರ ಬರೀ ಎಣ್ಣೆ.
ಹೊಲಿಗೆ ಮೆಷಿನ್ನಿನ ಎಣ್ಣೆಯಲ್ಲಿ ಬಟ್ಟೆ ನೆನೆಸಿ
ಬಾಣಂತಿಯ ಹೊಟ್ಟೆ ಕಟ್ಟಿದ ಹಾಗೆ ಬಿಗಿದು ಇಟ್ಟೆ.
ಎದುರುಮನೆಯ ಮೌನೇಶಾಚಾರಿ ಇಣುಕಿ ನೋಡಿ
"ಆಸಿಡ್ಡಿಗೆ ಹಾಕ್ರಿ, ಸಂಜೆಗೆ ಮುಗಿದು ಹೋಗುತ್ತೆ" ಅಂದ.
ಹೋಗುತ್ತೆ, ಕತ್ತಿಯೂ.
"ದುರ್ಗದ ಕಾಲದ್ದಿರಬೇಕು" ಅಂತಲೂ ಸೇರಿಸಿದ.
ಈ ಸೀಮೆಯಲ್ಲಿ ತುಕ್ಕು ಹಿಡಿದದ್ದೆಲ್ಲ ದುರ್ಗದ್ದೇ.
ನಾನು ಹೂಂಗುಟ್ಟಲಿಲ್ಲ.

ಎರಡನೆಯ ವಾರ ಹಿಡಿಕೆಗೆ ಇಳಿದೆ.
ಮಸಿಯ ಕೆಳಗೆ ತುಕ್ಕು, ತುಕ್ಕಿನ ಕೆಳಗೆ
ಕಪ್ಪಗೆ, ಸೊಟ್ಟಗೆ, ಏನೋ ಗೆರೆ.
ಪ್ಲಾಸ್ಟರ್ ಮೆತ್ತಿದ ಹಲ್ಲುಗಳ ಸಂದು ಬಿಡಿಸುವಾಗ
ಕೈ ತಾನೇ ಉಸಿರು ಹಿಡಿಯುತ್ತಿತ್ತಲ್ಲ,
ಈಗಲೂ ಹಿಡಿಯಿತು.
ಸೀಮೆಸುಣ್ಣದ ಪುಡಿ, ಒಂದು ಹನಿ ಎಣ್ಣೆ, ಬಿದಿರ ಕಡ್ಡಿ.
ಮಧ್ಯಾಹ್ನ ಕರೆಂಟು ಹೋಗಿ, ಕಿಟಕಿಯ ಹತ್ತಿರ ಒಯ್ದೆ:
ಗೆರೆ ಬೆಳ್ಳಗಿತ್ತು.

ಬಳ್ಳಿ. ಬಳ್ಳಿಗೆ ಎಲೆ.
ಕಬ್ಬಿಣದಲ್ಲಿ ಗೀರು ಕೊರೆದು, ಕೂದಲಿನಂಥ ಬೆಳ್ಳಿ ತಂತಿಯನ್ನು
ಯಾವನೋ ಬಡಿದು ಕೂರಿಸಿದ್ದಾನೆ.
ಅವನಿಗೂ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತೇ,
ಊಟಕ್ಕೆ ಅವನನ್ನೂ ಮೂರು ಸಲ ಕೂಗಬೇಕಿತ್ತೇ.

ಎಲೆಗಳು ಹದಿನೇಳು. ಬೆಳ್ಳಿಯಿದ್ದವು ಹತ್ತು.
ಉಳಿದ ಏಳು ಬರೀ ಗೀರು, ಬೋಳು ಒಸಡು.

ಖಾಲಿ ಕಂಡರೆ ತುಂಬುವುದು ನನ್ನ ಕಸುಬು.
ಮಂಡಿಪೇಟೆಯಿಂದ ಎರಡು ಗೇಣು ತಂತಿ ತಂದು
ಅಳತೆ ಹಿಡಿದು ಕೂತಿದ್ದೆ.
ಸೆರಗಿಗೆ ಕೈ ಒರೆಸುತ್ತ ಕಾಸಿಂಬಿ ಬಂದಳು.

"ಅಯ್ಯೋ, ಅವನ್ನ ತುಂಬಬ್ಯಾಡ್ರಿ.
ನಮ್ಮತ್ತೆ ಕಿತ್ತಿದ್ದು ಅವು, ಗೋಣಿ ಹೊಲಿಯೋ ದಬ್ಬಣದಾಗೆ.
ಮಿಲ್ಲು ನಿಂತ ವರ್ಷ ಈ ಎಲೆ.
ನಾದಿನಿಗೆ ಟೈಫಾಯ್ಡ್ ಆದಾಗ ಇವೆರಡು.
ಇದು ಭಟ್ಟಿ ಲೈಸೆನ್ಸಿಗೆ.
ಇದು..." ಬೆರಳು ನಿಂತಿತು.
"ಇದ್ಯಾಕೋ ನಂಗೂ ಹೇಳಲಿಲ್ಲ.
ಆ ವಾರ ಮಾವ ಮನ್ಯಾಗಿದ್ದಿಲ್ಲ."

ಅಷ್ಟು ಬೆಳ್ಳಿಗೆ ಎಷ್ಟು ಬರುತ್ತಿತ್ತು, ಕೇಳಿದೆ.
"ಬೆಳ್ಳಿಗೆ ಯಾರು ಕೊಡ್ತಾರ್ರಿ? ಅಂಗೈಯಾಗೆ ಇಟ್ಟು ತೋರಿಸಿದ್ರೆ
ಅಂಗಡಿ ಸೇಠು ನಾಚಿಕೊಂಡು ಉದ್ರಿ ಕೊಡ್ತಿದ್ದ."

ತಂತಿಯನ್ನು ಸುರುಳಿ ಸುತ್ತಿ ಡಬ್ಬಿಗೆ ಹಾಕಿದೆ.
ಗೀರುಗಳ ಮಸಿ ತೆಗೆದೆ. ಮೇಲೆ ತೆಳ್ಳಗೆ ಮೇಣ.

ಭಟ್ಟಿಗೆ ನಾನೇ ಹೊತ್ತು ಹೋದೆ.
ಮೂರು ವಾರದಿಂದ ಬಾಗಿಲಿಗೆ ಹಳೇ ಸೀರೆಯ ಚೂರು.
ಒಳಗೆ ಮರಳು ಕಾದು ಅಕ್ಕಿ ಚಟಪಟ ಅರಳುತ್ತಿತ್ತು.
ಗಾಜಿನ ಪೆಟ್ಟಿಗೆ, ಗೋಡೆಯ ಮೊಳೆ, ಹೆಚ್ಚೆಂದರೆ ಬೀರು,
ದಾರಿಯುದ್ದಕ್ಕೂ ನಾನು ಜಾಗ ಹುಡುಕಿದ್ದೆ.
ಅವಳು ತಿರುಗಿಸಿ ನೋಡಿ, "ಚೆಂದಾಗೈತಿ" ಅಂದು,
ಬಾಗಿಲ ಕೊಂಡಿಗಳಲ್ಲಿ ತೂರಿಸಿದಳು.

ಸಡಿಲ.
ತುಕ್ಕು ಹೋದಷ್ಟೂ ತೆಳ್ಳಗಾಗಿತ್ತು ಕತ್ತಿ.
ಗಾಳಿಗೆ ಬಾಗಿಲು ಗಡಗಡ ಅಂದಿತು.
ಅವಳು ನನ್ನ ಮುಖ ನೋಡಿದಳು.
ಹೊಸ ಹಲ್ಲು ಕಚ್ಚಿ ನೋಡುವವರು
ಹೀಗೇ ನೋಡುತ್ತಿದ್ದರೇನೋ, ಲ್ಯಾಬಿಗೆ ಅದು ಕಂಡಿರಲಿಲ್ಲ.

ಅದೇ ಸೀರೆಯ ಚೂರು ಹರಿದು
ಅಲಗಿಗೆ ಎರಡು ಸುತ್ತು ಸುತ್ತಿ
ಮತ್ತೆ ತಳ್ಳಿದಳು. ಕೂತಿತು.
"ಮಸಿ ಹಿಡಿದ್ರೆ ಇನ್ನೂ ಬಿಗಿ ಆಗ್ತೈತಿ, ಬಿಡ್ರಿ"
ಎಂದು ಪೇಪರಿನಲ್ಲಿ ಬಿಸಿ ಮಂಡಕ್ಕಿ ಕಟ್ಟಿದಳು.
ಬಾಗಿಲು ಹಾಕಿತ್ತು. ಹಿತ್ತಲಿನಿಂದ ಹೊರಬಿದ್ದೆ.