ಕೈಬಿಡಲಾಗಿದೆ

ಬಂದರಿನ ಠಾಣೆಯ ಕಪಾಟಿನಲ್ಲಿ
ನನ್ನದೊಂದು ಹಾಳೆ ಇತ್ತು, ಹನ್ನೊಂದು ವರ್ಷ.
ಮನೆಯ ಮೇಲೆ ಸಿಮೆಂಟಿನ ಶೀಟು,
ನನ್ನ ಮೇಲೆ ರೌಡಿಯದ್ದು.
ಬೇಸಿಗೆಯಲ್ಲಿ ಎರಡೂ ಸುಡುತ್ತಿದ್ದವು;
ಚುನಾವಣೆ ಬರುವುದೂ ಬೇಸಿಗೆಯಲ್ಲೇ.

ಹೆಸರು: ಲೋಹಿತಾಕ್ಷ ಮೆಂಡನ್.
ಅಲಿಯಾಸ್: ಐಸ್ ಲೋಹಿ.
ಆ ಹೆಸರು ಇಟ್ಟದ್ದು ಅಮ್ಮ ಅಲ್ಲ,
ದಕ್ಕೆಯ ಗೆಳೆಯರೂ ಅಲ್ಲ.
ಠಾಣೆಯ ರೈಟರ್ ತಲೆ ಎತ್ತದೆ ಕೇಳಿದ:
"ನಿನ್ನನ್ನು ಬೇರೆ ಎಂತ ಕರೆಯುತ್ತಾರೆ?"
ಎಂತದೂ ಇಲ್ಲ ಎಂದೆ.
ಆ ಜಾಗ ಖಾಲಿ ಬಿಡುವ ಹಾಗಿಲ್ಲವಂತೆ.
"ಕೆಲಸ ಎಲ್ಲಿ?"
ಐಸ್ ಪ್ಲಾಂಟಿನಲ್ಲಿ.
ಅಲ್ಲಿಗೆ ನಾಮಕರಣ ಮುಗಿಯಿತು.

ಮಾಡಿದ್ದು ಸುಳ್ಳಲ್ಲ.
ಇಪ್ಪತ್ತೆರಡರ ಪ್ರಾಯ, ಬೆಳಗಿನ ಜಾವ ನಾಲ್ಕು ಗಂಟೆ,
ತೂಕದ ಮೇಲೆ ಎದ್ದ ಮಾತು, ಅಪ್ಪನವರೆಗೆ ಹೋದ ಮಾತು,
ಕೈಯಲ್ಲಿ ಕೊಕ್ಕೆ.
ಹುಸೇನಬ್ಬನ ಬಲ ಹೆಗಲಿನಿಂದ ಬಂದ ಶಬ್ದ
ಐಸ್ ಒಡೆಯುವ ಶಬ್ದಕ್ಕಿಂತ ಬೇರೆ ಇರಲಿಲ್ಲ.

ಅದಕ್ಕೆ ಹದಿನಾಲ್ಕು ತಿಂಗಳು. ಮುಗಿಯಿತು.
ಹಾಳೆ ಮುಗಿಯಲಿಲ್ಲ.
ಹಬ್ಬಕ್ಕೆ ಮೊದಲು, ಮತದಾನಕ್ಕೆ ಮೊದಲು,
ಊರಿನ ಇನ್ನೊಂದು ಮೂಲೆಯಲ್ಲಿ ಯಾರೋ ಯಾರಿಗೋ ಹೊಡೆದರೂ
ನಾವು ಮೈದಾನದಲ್ಲಿ ಸಾಲು.
ಎದುರಿನಿಂದ ಒಂದು ಫೋಟೋ, ಬದಿಯಿಂದ ಒಂದು.
ಪ್ರತಿ ಸಲ ಒಂದು ಮುಚ್ಚಳಿಕೆ ಬರೆದುಕೊಟ್ಟೆ.
ಹೆಸರು ಮುಚ್ಚಳಿಕೆ,
ಅದು ಮುಚ್ಚಿದ್ದು ಏನನ್ನೂ ಇಲ್ಲ.

ರಾತ್ರಿ ಹನ್ನೊಂದಕ್ಕೆ ಬೈಕು. "ಒಳಗೆ ಇದ್ದಾನಾ?"
ಹೆಂಡತಿ ನನ್ನನ್ನು ತೋರಿಸುವಳು
ಕರೆಂಟಿನ ಮೀಟರು ತೋರಿಸುವ ಹಾಗೆ.
ಮಗಳು ನಾಲ್ಕು ವರ್ಷಕ್ಕೇ ಕಲಿತಳು
ಕುರ್ಚಿ ತಂದಿಡಲಿಕ್ಕೆ, ಪೊಲೀಸ್ ಮಾಮ ಎನ್ನಲಿಕ್ಕೆ.

ಜುಡಿತ್ ತಾವ್ರೋ ವಕೀಲರ ಕೋಣೆ
ಕರಂಗಲ್ಪಾಡಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ.
ಮೆಟ್ಟಿಲು ಹತ್ತುವಾಗ ಬಿಸಿ ಕಾಗದದ ವಾಸನೆ.
ನಾನು ಮನೆಯಲ್ಲೇ ಬರೆದುಕೊಂಡು ಹೋಗಿದ್ದೆ, ಎರಡು ಪುಟ.
ಪಶ್ಚಾತ್ತಾಪ ಎಂಬಲ್ಲಿ ಅವರ ಪೆನ್ಸಿಲು ನಿಂತಿತು.
"ಇದು ಪಾದ್ರಿಗಳಿಗೆ. ಕಮಿಷನರರಿಗೆ ತಾರೀಕು ಬೇಕು."
ಕೊನೆಯ ಕೇಸು ಯಾವಾಗ, ಬಿಡುಗಡೆ ಯಾವಾಗ,
ದೋಣಿಯ ಎಂಜಿನ್ ಕೆಲಸ ಹಿಡಿದದ್ದು ಯಾವಾಗ.
ಏನೂ ಮಾಡದೆ ಇದ್ದ ದಿನಗಳನ್ನೆಲ್ಲ
ಪುರಾವೆ ಸಮೇತ ಹಾಜರುಪಡಿಸಬೇಕು.
ಏನೂ ಆಗದ ದಿನಕ್ಕೆ ಯಾರು ಕೊಡುತ್ತಾರೆ ರಶೀದಿ?
ಮಗಳ ಲಸಿಕೆಯ ಕಾರ್ಡು ಕೊಟ್ಟೆ,
ಸೊಸೈಟಿ ಸಾಲದ ಪಾಸ್‌ಬುಕ್ಕು ಕೊಟ್ಟೆ.
"ಆ ಹುಸೇನಬ್ಬ ಒಂದು ಸಹಿ ಹಾಕಿದರೆ ಒಳ್ಳೆಯದಿತ್ತು."

ಕೇಳಲಿಕ್ಕೆ ಹೋದವನು
ಮೀನು ಮಾರ್ಕೆಟಿನ ಗೇಟಿನಿಂದ ವಾಪಸು ಬಂದೆ.
ಅದೊಂದು ಬೇಡ ಎಂದೆ.
ಅವರು ಪೆನ್ಸಿಲಿನ ತುದಿ ಕಚ್ಚಿದರು, ಸ್ವಲ್ಪ ಹೊತ್ತು.
"ಹಾಗಾದರೆ ಬೇಡ."

ಒಮ್ಮೆ ತಿರಸ್ಕರಿಸಿದರು. ಮತ್ತೆ ಬರೆದೆವು.
ಎರಡು ಮಳೆಗಾಲ ದೋಣಿಗಳು ದಡಕ್ಕೆ ಬಂದು ಹೋದವು.
ಕೊನೆಗೆ ಬಂತು, ನೀಲಿ ಮೊಹರಿನ ಒಂದೇ ಪುಟ:
ಸದರಿ ವ್ಯಕ್ತಿಯ ಹೆಸರನ್ನು ಪಟ್ಟಿಯಿಂದ ಕೈಬಿಡಲಾಗಿದೆ.

ಕೈಬಿಡಲಾಗಿದೆ.
ದೇವರು ಕೈಬಿಟ್ಟ ಎನ್ನುತ್ತೇವೆ, ನೆಂಟರು ಕೈಬಿಟ್ಟರು ಎನ್ನುತ್ತೇವೆ.
ಕೈಬಿಟ್ಟದ್ದಕ್ಕೆ ಲಡ್ಡು ಹಂಚಿದವನು
ಈ ಊರಲ್ಲಿ ನಾನೊಬ್ಬನೇ ಇರಬೇಕು.
"ಸುಟ್ಟರಾ ಅದನ್ನು?" ಕೇಳಿದೆ.
"ಸುಡುವುದಿಲ್ಲ ಮಾರಾಯ. ದಾರ ಕಟ್ಟಿ ಮೇಲಿನ ಕಪಾಟಿಗೆ ಹಾಕುತ್ತಾರೆ."
ಫೀಸಿನ ಬಾಕಿ ತೆಗೆದುಕೊಂಡರು.
ರಶೀದಿ ಕೊಟ್ಟರು.

ಮುಂದಿನ ಭಾನುವಾರ ಪರೇಡು ಇತ್ತು, ಉಳಿದವರಿಗೆ.
ಆರಕ್ಕೇ ಎಚ್ಚರ. ಕಾಲು ತಾನಾಗಿ ಚಪ್ಪಲಿ ಹುಡುಕಿತು.
ಮೈದಾನದ ತಿರುವಿನಲ್ಲಿ ಅರೆಗಳಿಗೆ ನಿಂತು
ಮಾರ್ಕೆಟಿಗೆ ಹೋದೆ, ಗೇಟು ದಾಟಿ ಒಳಗೆ.
ಅರ್ಧ ಕಿಲೋ ಬಂಗುಡೆ ಎಂದೆ.
ಹುಸೇನಬ್ಬ ನನ್ನನ್ನು ನೋಡಿದ, ಮೀನನ್ನು ನೋಡಿದ, ತೂಗಿದ.
ನಾನು ತಕ್ಕಡಿ ನೋಡಲಿಲ್ಲ.
ಇನ್ನೂರರ ನೋಟಿಗೆ ಚಿಲ್ಲರೆಯನ್ನು
ಎಡಗೈಯಲ್ಲಿ ಚಾಚಿದ;
ಬಲಗೈ ಅಷ್ಟು ದೂರ ಬರುವುದಿಲ್ಲ.

ಎರಡೂ ಕೈ ಒಡ್ಡಿ ತೆಗೆದುಕೊಂಡೆ.