ಇಪ್ಪತ್ತರವರೆಗೆ ಎಣಿಸಿ

ವಾಘೋಲಿಯ ಹನ್ನೊಂದನೇ ಮಹಡಿಗೆ ಇನ್ನೂ ಗೋಡೆಯಿಲ್ಲ.
ಕೆಳಗೆ ತಗಡಿನ ಶೆಡ್ಡುಗಳ ನಡುವೆ
ಎರಡು ಬಿದಿರು ನೆಟ್ಟು
ಹುಲಿಗೆವ್ವ ತನ್ನ ಬಿಳಿ ಸೀರೆ ಬಿಗಿದಳು.
ಹಿಂದೆ ನೂರು ವ್ಯಾಟಿನ ಬಲ್ಬು.
ಅವಳಪ್ಪನ ಕಾಲಕ್ಕೆ ಹರಳೆಣ್ಣೆಯ ದೀಪವಂತೆ,
ನೆರಳು ಉಸಿರಾಡುತ್ತಿತ್ತಂತೆ.
ಬಲ್ಬಿನದು ಉಸಿರು ಬಿಗಿಹಿಡಿದ ನೆರಳು, ಅಂತಾಳೆ.

ನಾನು ಪಾಲಿಕೆಯ ಆರೋಗ್ಯ ಕೇಂದ್ರದಿಂದ ಬಂದವಳು.
ಚೀಲದಲ್ಲಿ ಮೂರು ಪುಟದ ಸಂಭಾಷಣೆ,
ಮರಾಠಿಯಿಂದ ಕನ್ನಡಕ್ಕೆ ನಾನೇ ತಂದದ್ದು,
ಪುಟಪುಟಕ್ಕೂ ಸಾಹೇಬರ ಸಹಿ, ನೇರಳೆ ಮೊಹರು:
ಊಟಕ್ಕೆ ಮೊದಲು, ಕಕ್ಕಸಿನ ನಂತರ
ಸಾಬೂನು ಹಚ್ಚಿ, ಇಪ್ಪತ್ತರವರೆಗೆ ಎಣಿಸಿ.
"ಓದಾಕ ಬರೂದಿಲ್ಲವ್ವಾ, ನೀನ ಒಮ್ಮೆ ಹೇಳು."
ಹೇಳಿದೆ.
ಎಲೆಯಡಿಕೆ ಜಗಿಯುತ್ತ ಕೇಳಿ, "ಇಷ್ಟೇನಾ?" ಅಂದಳು.

ಗಂಟು ಬಿಚ್ಚುವುದಕ್ಕೂ ಒಂದು ಶಾಸ್ತ್ರ.
ರಾಮನನ್ನೂ ರಾವಣನನ್ನೂ ಒಂದೇ ಮಡಿಕೆಯಲ್ಲಿ ಇಡುವುದಿಲ್ಲ,
ರಾತ್ರಿ ಜಗಳಕ್ಕೆ ಬಿದ್ದರೆ ತೊಗಲು ಹರಿದೀತು.
ಎಲ್ಲರ ಮೇಲೆ ಮಲಗಿದವ ಕಿಳ್ಳೇಕ್ಯಾತ,
ಡೊಳ್ಳುಹೊಟ್ಟೆ, ಸೊಟ್ಟ ಮೂಗು, ಬಾಯಿಗೆ ಬೀಗವಿಲ್ಲ.
ಪಕ್ಕದಲ್ಲಿ ಬಂಗಾರಕ್ಕ, ಕೆದರಿದ ಕೂದಲು.
ಮಗನೊಡನೆ ಹುಲಿಗೆವ್ವ ಆಡುವುದು ಮನೆಮಾತು,
ಅರ್ಧ ಮರಾಠಿಯಂಥದ್ದು.
ಗೇಟಿನ ವಾಚ್‌ಮನ್ ಬೆರಗಾಗಿ ಚಹಾ ಕೊಡಿಸಿದ.
ಪರದೆಯ ಹಿಂದೆ ಹೋದಳೆಂದರೆ ಮಾತ್ರ
ಅಪ್ಪಟ ಕೊಪ್ಪಳ.

ಜನ ಬಂದರು, ಯಾದಗಿರಿಯವರು, ಸುರಪುರದವರು,
ರೆಪ್ಪೆಗೆ ಸಿಮೆಂಟು ಹತ್ತಿದವರು.
ಕೂಸುಗಳು ಮರಳ ಗುಡ್ಡದ ಮೇಲೆ.
ಮುಕಾದಮ ಸಿದ್ರಾಮಪ್ಪನಿಗೊಂದು ಪ್ಲಾಸ್ಟಿಕ್ ಕುರ್ಚಿ.

ಕ್ಯಾತ ಬಂದವನೇ ತಿರುಗಿ ನಿಂತು ಹೂಸು ಬಿಟ್ಟ.
ಮರಳ ಗುಡ್ಡ ನಕ್ಕು ನಕ್ಕು ಕುಸಿಯಿತು.
ಅದು ಮೂರು ಪುಟದಲ್ಲಿ ಎಲ್ಲೂ ಇರಲಿಲ್ಲ.
ಆಮೇಲೆ ಸಾಬೂನು ಹಿಡಿದು ಎಣಿಸಿದ,
ಒಂದು, ಎರಡು, ಮೂರು...
ಹತ್ತಕ್ಕೆ ಬರುವಷ್ಟರಲ್ಲಿ ಕತ್ತಲೆಯಿಂದ ಒಂದು ಹೆಣ್ಣುದನಿ:
"ಕ್ಯಾತಾ, ನಳ ಎಲ್ಲೈತಿ?"

ಇದೇ ಜಾಗದಲ್ಲಿ ಮೂರು ಸಲ ಭಾಷಣ ಮಾಡಿದ್ದೆ.
ಎಲ್ಲರೂ ತಲೆಯಾಡಿಸಿದ್ದರು.
ನಳದ ಸುದ್ದಿ ಒಬ್ಬರೂ ಎತ್ತಿರಲಿಲ್ಲ.
ಮನುಷ್ಯರಿಗೆ ಹೇಳಿದರೆ ಕೂಲಿ ಹೋದೀತು;
ಮೇಕೆಯ ತೊಗಲಿಗೆ ಯಾರ ಭಯ?

ಹುಲಿಗೆವ್ವನ ಕೈ ನಿಂತಿತು. ಕ್ಯಾತ ತಲೆ ಕೆರೆದುಕೊಂಡ.
"ಏ ಬಂಗಾರಿ, ಕೊಡ ತಗೊಂಡು ನಡಿಯ."
ಹೊರಟಳು ಬಂಗಾರಕ್ಕ,
ಪರದೆಯ ಈ ತುದಿಯಿಂದ ಆ ತುದಿಗೆ,
ಮತ್ತೆ ಈ ತುದಿಗೆ, ಮತ್ತೆ ಆ ತುದಿಗೆ.
"ಟ್ಯಾಂಕರ್ ನಿಲ್ಲೂ ಜಾಗ ಬಂತೇನ್ರೋ?"
"ಇಲ್ಲಾ!" ಅಂದವು ಕೂಸುಗಳು.
"ಎಷ್ಟ ಹೆಜ್ಜಿ ಆದುವು?"
ಎಣಿಸತೊಡಗಿದರು. ಮೊದಲು ಮಕ್ಕಳು,
ಆಮೇಲೆ ಹೆಂಗಸರು, ಸೆರಗಿನೊಳಗೆ, ಮೆಲ್ಲಗೆ.
ಇಪ್ಪತ್ತು ದಾಟಿತು. ನಲವತ್ತು.
ಅರವತ್ತರ ಹೊತ್ತಿಗೆ ನಗು ನಿಂತಿತ್ತು,
ಎಣಿಕೆ ನಿಂತಿರಲಿಲ್ಲ.
ಸಿದ್ರಾಮಪ್ಪ ಎದ್ದು ಎಲ್ಲಿಗೋ ಹೋದ.
ನೂರ ಹದಿನೆಂಟಕ್ಕೆ ಬಲ್ಬು ಆರಿತು.
ಪಕ್ಕದ ಬಿಲ್ಡಿಂಗಿನ ದೀಪ ಉರಿಯುತ್ತಲೇ ಇತ್ತು.

ವರದಿಯ ಫಾರಂ ಕೇಳುತ್ತದೆ:
ಪ್ರೇಕ್ಷಕರಿಗೆ ಸಂದೇಶ ತಲುಪಿತೇ?
ಹೌದು, ಇಲ್ಲ. ಎರಡು ಚೌಕ.
ಅತ್ತಲಿಂದ ಇತ್ತ ಬಂದದ್ದಕ್ಕೆ ಚೌಕವಿಲ್ಲ.
ಅಂಚಿನಲ್ಲಿ ಬರೆದೆ: ನೂರ ಹದಿನೆಂಟು.
ಏನು ಹಾಗೆಂದರೆ, ಎಂದು ಸಾಹೇಬರು ಕೇಳಲಿ.

ಟೆಂಪೋದಲ್ಲಿ ಕ್ಯಾತನನ್ನು ತೊಡೆಯ ಮೇಲೆ ಮಲಗಿಸಿ
ಒಣ ಅರಿವೆಯಿಂದ ಒರೆಸುತ್ತಿದ್ದಳು.
ಧೂಳು ಹೋಗುತ್ತಿಲ್ಲ, ಚೂರು ನೀರು ಹಚ್ಚಬಾರದೇ, ಅಂದೆ.
"ಯವ್ವಾ, ತೊಗಲಿಗೆ ನೀರು ಆಗೂದಿಲ್ಲ,
ಮುದುಡಿ ಹೊಕ್ಕಾನ.
ಮುಪ್ಪಾಗಿ ಹರಿದ ದಿನ ಹೊಳಿಗೆ ಬಿಡ್ತೀವಿ.
ಅದ ಇವನ ಮೊದಲ ಜಳಕ."

ಖರಾಡಿಯ ಸಿಗ್ನಲ್ಲಿನಲ್ಲಿ ಟೆಂಪೋ ನಿಂತಿತು.
ಪಕ್ಕದಲ್ಲೇ ಒಂದು ಟ್ಯಾಂಕರ್,
ದಾರಿಯುದ್ದಕ್ಕೂ ಸೋರುತ್ತ ಬಂದದ್ದು.
ಹುಲಿಗೆವ್ವ ಸೆರಗು ಎಳೆದು
ಕ್ಯಾತನ ಮೇಲೆ ಮುಚ್ಚಿದಳು.